ಹಳೇ ರೈನ್ ದಾಟಿ ಬಂದವರ ನೆನಪು: ಸೇತುವೆಗೆ ಹೆಸರಿಟ್ಟರೆ ಸಾಕಾ?

ಸೈಕಲ್‌ಸವಾರ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಆಸ್ಟ್ರಿಯಾದ ಪಶ್ಚಿಮದ ತುದಿಯಲ್ಲಿರುವ ಫೋರಾರ್ಲ್‌ಬರ್ಗ್‌ನಲ್ಲಿ. ಇಲ್ಲಿ ಹೋಹೆನೆಮ್ಸ್ ಅಂತ ಒಂದು ಊರಿದೆ. ಅಲ್ಲಿಂದ ಸ್ವಿಟ್ಜರ್ಲೆಂಡಿನ ಡೀಪೋಲ್ಡ್ಸಾವ್‌ಗೆ ಹೋಗುವ, ಹಳೇ ರೈನ್ ಮೇಲಿನ ಗಡಿ ಸೇತುವೆಗೆ 2012ರಲ್ಲಿ ಪೌಲ್ ಗ್ರ್ಯೂನಿಂಗರ್ ಅವರ ಹೆಸರಿಟ್ಟರು. ಇಲ್ಲಿ ಬಹಳ ಜನ ಆ ಹೆಸರು ಕೇಳಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಹೇಳ್ತೀನಿ.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡ. ವಿಯೆನ್ನಾದ ಯೆಹೂದಿಗಳ ಅಂಗಡಿ, ಮನೆ, ಕೆಲಸ ಎಲ್ಲಾ ಹೋಯಿತು. ಹೊರಗೆ ಹೋಗಿ ಅಂತ ಹೊಡೆದು ಅಟ್ಟುತ್ತಿದ್ದರು, ಆದರೆ ಹೋಗೋದಾದರೂ ಎಲ್ಲಿಗೆ? ಜುಲೈನಲ್ಲಿ ಎವಿಯಾನ್ ಎಂಬಲ್ಲಿ 32 ದೇಶಗಳು ಸೇರಿ ಇದೇ ವಿಷಯ ಮಾತಾಡಿದವು, ಕನಿಕರ ತೋರಿಸಿದವು, ಬಾಗಿಲು ಮಾತ್ರ ತೆಗೆಯಲಿಲ್ಲ. ಸಭೆ ನಡೆದದ್ದು ಜಿನೀವಾ ಸರೋವರದ ಫ್ರಾನ್ಸ್ ದಡದಲ್ಲಿ, ಯಾಕೆಂದರೆ ಸ್ವಿಟ್ಜರ್ಲೆಂಡಿಗೆ ಇದನ್ನು ತನ್ನ ನೆಲದಲ್ಲಿ ನಡೆಸಲು ಇಷ್ಟವಿರಲಿಲ್ಲ. ಆಗಸ್ಟ್ 19ಕ್ಕೆ ಸ್ವಿಸ್ ಸರ್ಕಾರ ವೀಸಾ ಇಲ್ಲದವರಿಗೆ ಗಡಿಯನ್ನೇ ಮುಚ್ಚಿತು. ಗ್ರ್ಯೂನಿಂಗರ್ ಆಗ ಸೇಂಟ್ ಗ್ಯಾಲನ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥರು. ಆದೇಶ ಬಂದ ಮೇಲೂ ಜನರನ್ನು ಒಳಗೆ ಬಿಟ್ಟರು. ನೂರಾರು ಜನ ಅನ್ನುವವರಿದ್ದಾರೆ, ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 3,600ರಷ್ಟು ಅನ್ನುತ್ತದೆ.

ಹೋದ ವಾರ ಆ ಸೇತುವೆ ಮೇಲೆ ನಿಂತಿದ್ದೆ. ಕೆಳಗೆ ಬೇಸಿಗೆಯ ಜನ. ಆಚೆ ದಡದಲ್ಲಿ ಈಜುವ ಜಾಗ ಇದೆ, ಮಕ್ಕಳು ಟ್ಯೂಬ್ ಹಾಕಿಕೊಂಡು ತೇಲುತ್ತಿದ್ದವು. ಹೆಸರಿನ ಫಲಕ ನೋಡಿ ಒಂದು ಪ್ರಶ್ನೆ ಬಂತು, ಅದನ್ನೇ ಇಲ್ಲಿ ಕೇಳ್ತೀನಿ. ದಾಟಿ ಬಂದವರ ನೆನಪಿಗೆ ನಾವು ದಾಟಿಸಿದವನ ಹೆಸರು ಇಡ್ತೀವಿ. ದಾಟಲಾಗದೆ ಹೋದವರನ್ನು ನೆನೆಯೋದು ಹೇಗೆ?

ಕಾಫಿಪುಡಿ:
ಒಂದು ಸಣ್ಣ ಡೌಟು. ಮ್ಯಾಪ್ ತೆಗೆದು ನೋಡಿದೆ. ರೈನ್ ನದಿಯೇ ಗಡಿ ಅಂತ ಓದಿದ್ದೆ, ಆದರೆ ಈ ಡೀಪೋಲ್ಡ್ಸಾವ್ ನದಿಯ ಆಸ್ಟ್ರಿಯಾ ಕಡೆಗಿದೆ ಅಲ್ವಾ? ಮತ್ತೆ ಅದು ಸ್ವಿಟ್ಜರ್ಲೆಂಡ್ ಹೇಗಾಯಿತು?

ಸೈಕಲ್‌ಸವಾರ:
ಕಾಫಿಪುಡಿ, ಇಡೀ ಕಥೆ ನಿಂತಿರೋದೇ ಅದರ ಮೇಲೆ. ರೈನ್ ಇಲ್ಲಿ ದೊಡ್ಡ ಬಳುಕು ತೆಗೆದುಕೊಂಡು ಹರಿಯುತ್ತಿತ್ತು, ಆಗಾಗ ಪ್ರವಾಹ. ಎರಡು ದೇಶ ಸೇರಿ ನೇರವಾಗಿ ಹೊಸ ಕಾಲುವೆ ತೋಡಿ 1923ರಲ್ಲಿ ನದಿಯನ್ನು ಅದಕ್ಕೆ ತಿರುಗಿಸಿದರು. ನದಿ ಜಾಗ ಬಿಟ್ಟಿತು, ಗಡಿ ಬಿಡಲಿಲ್ಲ. ಅದು ಹಳೇ ಪಾತ್ರದಲ್ಲೇ ಉಳಿಯಿತು. ಹಾಗಾಗಿ ಡೀಪೋಲ್ಡ್ಸಾವ್ ಊರು ಹೊಸ ರೈನಿನ ಆಚೆಗೆ, ಆಸ್ಟ್ರಿಯಾದ ಮಗ್ಗುಲಿಗೆ ಬಂತು. ನಡುವೆ ಉಳಿದದ್ದು ಹಳೇ ರೈನ್. ಕಡಿಮೆ ನೀರು, ಹರಿವೇ ಇಲ್ಲದ ಜಾಗಗಳು, ದಡದಲ್ಲಿ ಜೊಂಡು, ಪೊದೆ.

ಬೇರೆ ಕಡೆ ರೈನ್ ದಾಟಬೇಕಾದರೆ ಹರಿವ ನದಿಗೆ ಇಳಿಯಬೇಕು. ಇಲ್ಲಿ ರಾತ್ರಿ ಹೊತ್ತು ಪ್ಯಾಂಟ್ ಮಡಚಿಕೊಂಡು ದಾಟಬಹುದಾದ ಜಾಗಗಳಿದ್ದವು. ವಿಯೆನ್ನಾದಿಂದ ರೈಲಿನಲ್ಲಿ ಬಂದು ಹೋಹೆನೆಮ್ಸ್‌ನಲ್ಲಿ ಇಳಿಯೋದು, ಕತ್ತಲಾಗುವ ತನಕ ಎಲ್ಲಾದರೂ ಕಾಯೋದು, ಊರಿನವರು ಯಾರಾದರೂ ದಾರಿ ತೋರಿಸಿದರೆ ಅವರ ಹಿಂದೆ ಹೋಗೋದು. ಕೆಲವರು ದುಡ್ಡಿಗೆ ತೋರಿಸಿದರು, ಕೆಲವರು ಹಾಗೇ. 1938ರಲ್ಲಿ ನಾಜಿ ಗಡಿ ಅಧಿಕಾರಿಗಳೇ ಎಷ್ಟೋ ಜನರನ್ನು ಆ ಕಡೆ ತಳ್ಳುತ್ತಿದ್ದರು. ಅವರಿಗೂ ತೊಲಗಿದರೆ ಸಾಕಾಗಿತ್ತು. ಈ ಕಡೆಯವರು ಹೋಗು ಅಂತ, ಆ ಕಡೆಯವರು ಬರಬೇಡ ಅಂತ. ನಡುವೆ ಮೊಣಕಾಲು ನೀರಿನಲ್ಲಿ ಸೂಟ್‌ಕೇಸ್ ಹಿಡಿದುಕೊಂಡು ಒಂದು ಕುಟುಂಬ.

ದಾಟಿದವರನ್ನು ಡೀಪೋಲ್ಡ್ಸಾವ್‌ನ ಒಂದು ಖಾಲಿ ಕಸೂತಿ ಕಾರ್ಖಾನೆಯಲ್ಲಿ ಇರಿಸಿದ್ದರು. ಸೇಂಟ್ ಗ್ಯಾಲನ್ ಕಡೆ ಹಿಂದೆ ಕಸೂತಿ ಕೆಲಸ ಜೋರಾಗಿತ್ತು, ಆಮೇಲೆ ಬಿದ್ದುಹೋಗಿ ಇಂಥ ಕಟ್ಟಡಗಳು ಖಾಲಿ ಇದ್ದವು. ಊಟ ವಸತಿಯ ಖರ್ಚು ಸ್ವಿಸ್ ಸರ್ಕಾರದ್ದಲ್ಲ, ಅಲ್ಲಿನ ಯೆಹೂದಿ ಸಮುದಾಯದ ತಲೆ ಮೇಲೆ. ಕೆಲಸ ಮಾಡಲು ಅನುಮತಿಯೂ ಇಲ್ಲ.

ನಿವೃತ್ತಗುಮಾಸ್ತ:
ನಾನು ಜೀವನವಿಡೀ ಸರ್ಕಾರಿ ಕಚೇರಿಯಲ್ಲಿ ಫೈಲ್ ನೋಡಿದವನು. ಈ ಗ್ರ್ಯೂನಿಂಗರ್ ಮೇಲೆ ಓದಿದಾಗ ನನಗೆ ಹಿಡಿಸಿದ್ದು ಅವರ ಕೆಲಸದ ರೀತಿ. ಅವರೇನು ಬಂದೂಕು ಹಿಡಿದವರಲ್ಲ, ಭಾಷಣ ಮಾಡಿದವರೂ ಅಲ್ಲ. ಹಿಂದಿನ ತಾರೀಖು ಹಾಕಿದರು, ಅಷ್ಟೇ. ಆಗಸ್ಟ್ 19ರ ನಂತರ ಬಂದವರು ಅಕ್ರಮ, ಮೊದಲು ಬಂದವರು ಸಕ್ರಮ. ಹಾಗಾದರೆ ಎಲ್ಲರೂ ಮೊದಲೇ ಬಂದಿದ್ದಾರೆ ಅಂತ ಬರೆದರೆ ಆಯಿತು! ನಾಜಿಗಳ ಡಾಹೌ ಸೆರೆಶಿಬಿರದಲ್ಲಿ ಇದ್ದವರು ಬಿಡುಗಡೆಯಾಗಿ ಬರಲಿ ಅಂತ ಅಲ್ಲಿಗೆ ಇಲ್ಲಿಂದ ಕರೆಪತ್ರ ಕಳಿಸಿದ್ದೂ ಇದೆ. ಚಳಿಗಾಲದ ಬಟ್ಟೆ ಇಲ್ಲದವರಿಗೆ ಜೇಬಿನಿಂದ ದುಡ್ಡು ಹಾಕಿ ಕೊಡಿಸಿದರು.

ಹಿಂದಿನ ತಾರೀಖು ಹಾಕೋದು ನಮ್ಮ ಕಚೇರಿಗಳಲ್ಲಿ ಯಾತಕ್ಕೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಇವರು ಅದೇ ತಪ್ಪು ಮಾಡಿದರು, ಒಂದು ಪೈಸೆ ಮುಟ್ಟಲಿಲ್ಲ. ಲಂಚ ತಿಂದಿದ್ದಾನೆ, ಹೆಂಗಸರ ಸಹವಾಸ ಅಂತೆಲ್ಲ ಗಾಳಿಮಾತು ಎಬ್ಬಿಸಿದರು. ಕೋರ್ಟಿನಲ್ಲಿ ಅದು ಯಾವುದೂ ನಿಲ್ಲಲಿಲ್ಲ.

1939ರ ವಸಂತದಲ್ಲಿ ಸಸ್ಪೆಂಡ್, ಆಮೇಲೆ ಡಿಸ್ಮಿಸ್. ಪಿಂಚಣಿ ಇಲ್ಲ. 1940ರಲ್ಲಿ ಕರ್ತವ್ಯಲೋಪ ಮತ್ತು ದಾಖಲೆ ತಿದ್ದಿದ ಆರೋಪ ಸಾಬೀತು, 300 ಫ್ರಾಂಕ್ ದಂಡ, ಕೋರ್ಟ್ ಖರ್ಚು ಬೇರೆ. ಮಗಳು ಓದು ಬಿಟ್ಟು ಮನೆಗೆ ಬರಬೇಕಾಯಿತು. ಆಮೇಲೆ ಮೂವತ್ತು ವರ್ಷಕ್ಕೂ ಜಾಸ್ತಿ ಸಿಕ್ಕ ಸಿಕ್ಕ ಕೆಲಸ ಮಾಡಿ ಬದುಕಿದರು. 1970ರಲ್ಲಿ ಸರ್ಕಾರ ಒಂದು ಮೆಚ್ಚುಗೆ ಪತ್ರ ಕಳಿಸಿತು, ಕಳಂಕ ತೆಗೆಯಲಿಲ್ಲ. 1971ರಲ್ಲಿ ಯಾದ್ ವಶೇಮ್ ಗೌರವ ಕೊಟ್ಟಿತು. 1972ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂದರೆ ಬಹಳ ದೂರದ ದೇಶಕ್ಕೆ ಇವರು ದೊಡ್ಡ ಮನುಷ್ಯ, ಸ್ವಂತ ಊರಿನ ದಾಖಲೆಯಲ್ಲಿ ಅಪರಾಧಿ.

ಕಾಫಿಪುಡಿ:
ಆ ಕಳಂಕ ಹೋದದ್ದು ಯಾವಾಗ?

ನಿವೃತ್ತಗುಮಾಸ್ತ:
ಸತ್ತು ಇಪ್ಪತ್ತು ವರ್ಷ ದಾಟಿದ ಮೇಲೆ. ಒಬ್ಬ ಪತ್ರಕರ್ತ ಹಳೇ ಕಡತಗಳನ್ನೆಲ್ಲ ಕೆದಕಿ 1993ರಲ್ಲಿ ಪುಸ್ತಕ ಬರೆದರು. ಆ ವರ್ಷವೇ ಪ್ರಾಂತ್ಯದ ಸರ್ಕಾರ ರಾಜಕೀಯವಾಗಿ ಗೌರವ ವಾಪಸ್ ಕೊಟ್ಟಿತು. 1995ರಲ್ಲಿ ಶಿಕ್ಷೆ ಕೊಟ್ಟಿದ್ದ ಅದೇ ಜಿಲ್ಲಾ ಕೋರ್ಟು ಪ್ರಕರಣವನ್ನು ಮತ್ತೆ ತೆರೆದು ಖುಲಾಸೆ ಮಾಡಿತು. ಬೇರೆಯವರ ಪ್ರಾಣ ಉಳಿಸುವ ಅನಿವಾರ್ಯದಲ್ಲಿ ಮಾಡಿದ ಕೆಲಸ ಅಂತ ಕಾರಣ ಕೊಟ್ಟರು. 1998ರಲ್ಲಿ ಬಾಕಿ ಸಂಬಳ, ಪಿಂಚಣಿ ಲೆಕ್ಕ ಹಾಕಿ ವಾರಸುದಾರರಿಗೆ ಪರಿಹಾರ ಕೊಟ್ಟರು. ಮನೆಯವರು ಆ ದುಡ್ಡನ್ನು ಅವರ ಹೆಸರಿನ ಪ್ರತಿಷ್ಠಾನಕ್ಕೆ ಹಾಕಿದರು.

ಸೈಕಲ್‌ಸವಾರರ ಪ್ರಶ್ನೆಗೆ ನನ್ನ ಉತ್ತರ ಇದೇ. ನನ್ನ ಮಟ್ಟಿಗೆ ನಿಜವಾದ ಸ್ಮಾರಕ ಆ 1995ರ ತೀರ್ಪು. ಸೇತುವೆ, ಫಲಕ ಎಲ್ಲಾ ಆಮೇಲೆ. ಸರ್ಕಾರ ತನ್ನ ಕೈಯಾರೆ ಬರೆದದ್ದನ್ನು ತನ್ನ ಕೈಯಾರೆ ಹೊಡೆದುಹಾಕಬೇಕು. ಅದು ಬಹಳ ಕಷ್ಟದ ಕೆಲಸ, ನಾನು ಕಂಡಿದ್ದೇನೆ. ಒಂದು ತಪ್ಪು ಎಂಟ್ರಿ ಸರಿ ಮಾಡಿಸಲು ಜನ ಎಷ್ಟು ಅಲೆಯುತ್ತಾರೆ ಗೊತ್ತಲ್ಲ.

ತುಂಗಾತೀರ:
ಗುಮಾಸ್ತರೇ, ಮಾತು ಒಪ್ಪುತ್ತೇನೆ, ಆದರೆ ಒಂದು ತಕರಾರು. ಒಬ್ಬ ಒಳ್ಳೆಯ ಅಧಿಕಾರಿಗೆ ಹಾರ ಹಾಕೋದು ಯಾವ ದೇಶಕ್ಕೂ ಸುಲಭ. ನಮ್ಮಲ್ಲೂ ಇಂಥವರಿದ್ದರು ನೋಡಿ ಅನ್ನಬಹುದು. ಉಳಿದ ಅಧಿಕಾರಿಗಳ ಕಥೆ ಏನು?

ಜೋಸೆಫ್ ಸ್ಪ್ರಿಂಗ್ ಅವರ ಕೇಸು ಓದಿ. 1943ರ ನವೆಂಬರ್. ಹದಿನಾರರ ಹುಡುಗ, ಜೊತೆಗೆ ಇಬ್ಬರು ಕಸಿನ್‌ಗಳು, ಇನ್ನೊಬ್ಬ ಗೆಳೆಯ. ಫ್ರಾನ್ಸ್ ಕಡೆಯಿಂದ ಜುರಾ ಬೆಟ್ಟದಲ್ಲಿ ಗಡಿ ದಾಟಲು ನೋಡಿದರು. ಸ್ವಿಸ್ ಕಾವಲಿನವರು ಹಿಡಿದರು. ಸುಮ್ನೆ ವಾಪಸ್ ಅಟ್ಟಲಿಲ್ಲ, ಜರ್ಮನರ ಕೈಗೆ ಒಪ್ಪಿಸಿದರು, ಇವರು ಯೆಹೂದಿಗಳು ಅಂತ ಗೊತ್ತಾಗುವ ಕಾಗದಗಳ ಸಮೇತ. ಆಶ್ವಿಟ್ಸ್‌ಗೆ ಹೋದರು. ಆ ಇಬ್ಬರು ಕಸಿನ್‌ಗಳನ್ನೂ ಇಳಿದ ಕೂಡಲೇ ಗ್ಯಾಸ್ ಕೋಣೆಗೆ ಕಳಿಸಿದರು. ಸ್ಪ್ರಿಂಗ್ ಬದುಕಿ ಉಳಿದು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ಮುದುಕರಾದ ಮೇಲೆ ಸ್ವಿಟ್ಜರ್ಲೆಂಡ್ ಮೇಲೆ ಒಂದು ಲಕ್ಷ ಫ್ರಾಂಕ್‌ಗೆ ದಾವೆ ಹಾಕಿದರು. 2000ದ ಜನವರಿಯಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು ದಾವೆ ವಜಾ ಮಾಡಿತು. ಆಗಿನ ಕಾನೂನಿನ ಪ್ರಕಾರ ತಪ್ಪಿಲ್ಲ ಅಂತ. ಆದರೆ ಕೋರ್ಟ್ ಖರ್ಚಿನ ಬಾಬ್ತು ಅಂತ ಹೇಳಿ ಸರಿಯಾಗಿ ಒಂದು ಲಕ್ಷ ಫ್ರಾಂಕ್ ಕೊಡಿಸಿತು! ನ್ಯಾಯ ಕೊಡಲ್ಲ, ದುಡ್ಡು ತಗೋ. ಗುಮಾಸ್ತರೇ, ನಿಮ್ಮ ಆ ಕಾಗದ ಇಲ್ಲಿ ಏನು ಹೇಳಿತು?

ಘಟ್ಟದಕೆಳಗೆ:
ಸ್ವಲ್ಪ ಆ ಕಡೆಯವರ ಮಾತನ್ನೂ ಕೇಳಿ ಮಾರಾಯ್ರೆ. ಸಣ್ಣ ದೇಶ, ಸುತ್ತ ಹಿಟ್ಲರ್, ಮುಸೊಲಿನಿ. ಧಾನ್ಯ, ಕಲ್ಲಿದ್ದಲು ಎಲ್ಲಾ ಹೊರಗಿಂದ ಬರಬೇಕು. ಯಾವಾಗ ನುಗ್ತಾನೋ ಅನ್ನುವ ಭಯ. ಅಂಥ ಹೊತ್ತಲ್ಲಿ ಎಲ್ಲರನ್ನೂ ಒಳಗೆ ಬಿಡಿ ಅನ್ನೋದು ಇವತ್ತು ಕುಳಿತು ಟೈಪ್ ಮಾಡುವ ನಮಗೆ ಸುಲಭ. ಯುದ್ಧದ ಕಾಲದಲ್ಲಿ ಸಾವಿರಾರು ಯೆಹೂದಿಗಳಿಗೆ ಜಾಗ ಕೊಟ್ಟಿದ್ದೂ ಉಂಟಲ್ಲ, ಅದನ್ನು ಯಾಕೆ ಬಿಡ್ತೀರಿ?

ತುಂಗಾತೀರ:
ಬಿಡಲ್ಲ. ಇಪ್ಪತ್ತು ಸಾವಿರದ ಆಸುಪಾಸು ಯೆಹೂದಿಗಳು ಅಲ್ಲಿ ಬದುಕಿ ಉಳಿದರು, ಅದು ಸಣ್ಣ ಮಾತಲ್ಲ. ಆದರೆ ಭಯದ ವಾದಕ್ಕೆ ತಾರೀಖು ಅಡ್ಡ ಬರುತ್ತೆ. ಯೆಹೂದಿಗಳ ಪಾಸ್‌ಪೋರ್ಟ್ ಮೇಲೆ ಕೆಂಪು 'ಜೆ' ಮುದ್ರೆ ಬಿದ್ದದ್ದು 1938ರ ಅಕ್ಟೋಬರ್‌ನಲ್ಲಿ. ಆಗಿನ್ನೂ ಯುದ್ಧ ಶುರುವಾಗಿರಲಿಲ್ಲ. ಸ್ವಿಸ್ ಕಡೆಯಿಂದ ವಿದೇಶಿಯರ ಪೊಲೀಸ್ ವಿಭಾಗದ ಹೈನ್ರಿಖ್ ರೋಟ್‌ಮುಂಡ್ ಮಾತುಕತೆಗೆ ಹೋಗಿದ್ದರು. ಜರ್ಮನ್ನರಿಗೆಲ್ಲ ವೀಸಾ ಕಡ್ಡಾಯ ಮಾಡ್ತೀವಿ ಅಂತ ಇವರು ಹೆದರಿಸಿದರು. ಬೇಡ, ಯೆಹೂದಿಗಳ ಪಾಸ್‌ಪೋರ್ಟಿಗೆ ಮಾತ್ರ ಗುರುತು ಹಾಕ್ತೀವಿ ಅಂತ ಜರ್ಮನ್ ಸರ್ಕಾರದವರು ಒಪ್ಪಿಕೊಂಡರು. ಗಡಿಯಲ್ಲಿ ಯಾರನ್ನು ತಡೆಯಬೇಕು ಅಂತ ಬೇಗ ಗೊತ್ತಾಗಲಿ ಅನ್ನೋದು ಉದ್ದೇಶ.

ಇನ್ನು 1942ರ ಆಗಸ್ಟ್. ಪೂರ್ವದಲ್ಲಿ ಏನಾಗುತ್ತಿದೆ ಅನ್ನುವ ಸುದ್ದಿ ಸ್ವಿಸ್ ರಾಜಧಾನಿ ಬರ್ನ್‌ಗೆ ಆಗಲೇ ತಲುಪಿತ್ತು. ಆಗಲೇ ಗಡಿಯನ್ನು ಇನ್ನಷ್ಟು ಬಿಗಿ ಮಾಡಿದರು. ಸಚಿವ ಎಡ್ವರ್ಡ್ ಫಾನ್ ಸ್ಟೈಗರ್ ತಮ್ಮ ದೇಶವನ್ನು ತುಂಬಿಹೋದ ಜೀವರಕ್ಷಕ ದೋಣಿಗೆ ಹೋಲಿಸಿ ಭಾಷಣ ಮಾಡಿದ್ದು ಆ ತಿಂಗಳೇ. ಆಮೇಲೆ ಸ್ವಿಟ್ಜರ್ಲೆಂಡಿನದೇ ತನಿಖಾ ಆಯೋಗ, ಬರ್ಜಿಯೇ ಆಯೋಗ, ಕೂತು ವರ್ಷಗಟ್ಟಲೆ ಕಡತ ನೋಡಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ವಾಪಸ್ ಕಳಿಸಿದ ಲೆಕ್ಕ ಕೊಟ್ಟಿತು. ಎಲ್ಲರೂ ಯೆಹೂದಿಗಳಲ್ಲ, ಸಂಖ್ಯೆಯ ಮೇಲೆ ಈಗಲೂ ಜಗಳ ಇದೆ, ಒಪ್ಪೋಣ. ಆದರೂ ಆ ದೋಣಿ ತುಂಬಿರಲಿಲ್ಲ ಘಟ್ಟದವರೇ.

ಘಟ್ಟದಕೆಳಗೆ:
ಮುದ್ರೆಯ ತಾರೀಖಿನ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಭಯ ಸುಳ್ಳಾಗಿರಲಿಲ್ಲ ಅಂತ ಮಾತ್ರ ಈಗಲೂ ಹೇಳ್ತೇನೆ. ಅಧ್ಯಕ್ಷರು 1995ರಲ್ಲಿ ಕ್ಷಮೆ ಕೇಳಿದ್ದಾರಲ್ಲ?

ತುಂಗಾತೀರ:
ಹೌದು, ಕಾಸ್ಪರ್ ವಿಲ್ಲಿಗರ್, ಯುದ್ಧ ಮುಗಿದು ಐವತ್ತು ವರ್ಷ ಆದಾಗ. ಆ ಮುದ್ರೆಯ ವಿಷಯವನ್ನೂ ಎತ್ತಿ ಕೇಳಿದರು.

ಬಸವನಗುಡಿಯವಳು:
ನೀವೆಲ್ಲ ಯುರೋಪಿನಲ್ಲಿ ಓಡಾಡ್ತಿದ್ದೀರಿ. ನಾನು ದಿನಾ ವಾಕಿಂಗ್ ಹೋಗುವ ಕೃಷ್ಣರಾವ್ ಪಾರ್ಕಿನ ಮಂಟಪ ಕಟ್ಟಿಸಿದವರೂ ಇಂಥವರೇ. ಒಟ್ಟೋ ಕೋನಿಗ್ಸ್‌ಬರ್ಗರ್, ಬರ್ಲಿನ್ನಿನ ಯೆಹೂದಿ ಮೂಲದ ವಾಸ್ತುಶಿಲ್ಪಿ. 1933ರಲ್ಲಿ ಕೆಲಸ ಕಳಕೊಂಡು ದೇಶ ಬಿಟ್ಟರು, ಈಜಿಪ್ಟ್‌ನಲ್ಲಿ ಇದ್ದರು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಐಐಎಸ್‌ಸಿಯ ಊಟದ ಹಾಲ್, ಸಭಾಂಗಣ ಎಲ್ಲಾ ಅವರದ್ದೇ.

ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಅವರನ್ನೂ ನಾಜಿಗಳು ಗಟ್ಟಿಂಗನ್‌ನ ಹುದ್ದೆಯಿಂದ ತೆಗೆದಿದ್ದರು. 1935ರ ಕೊನೆಗೆ ಸಿ.ವಿ. ರಾಮನ್ ಕರೆಸಿದ್ದರಿಂದ ಬೆಂಗಳೂರಿಗೆ ಬಂದರು. ಇಲ್ಲೇ ಕಾಯಂ ಮಾಡಿಕೊಳ್ಳೋಣ ಅಂತ ರಾಮನ್ ಓಡಾಡಿದರು. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ಸ್ವಂತ ದೇಶದಿಂದ ಓಡಿಸಿಕೊಂಡು ಬಂದ ಎರಡನೇ ದರ್ಜೆಯ ವಿದೇಶಿ ನಮಗೆ ಬೇಡ ಅನ್ನುವ ಅರ್ಥದಲ್ಲಿ ಮಾತಾಡಿದರಂತೆ. ಬಾರ್ನ್ ಎದುರಿಗೇ ಕೂತಿದ್ದರು, ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಾಯಂ ಆಗಲಿಲ್ಲ, ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಎರಡನೇ ದರ್ಜೆಯಂತೆ!

ಪಾರ್ಕಿನಲ್ಲಿ ಬೆಳಗ್ಗೆ ನಗೆಕೂಟದವರು, ಸಂಜೆ ಕಚೇರಿ ಮುಗಿಸಿ ಬಂದವರು. ಈ ಮಂಟಪಕ್ಕೂ ಬರ್ಲಿನ್‌ಗೂ ಏನು ಸಂಬಂಧ ಅಂತ ಕೇಳಿದರೆ ನಗ್ತಾರೆ.

ಕಾಫಿಪುಡಿ:
ಅಯ್ಯೋ, ನಾನು ಆ ಪಾರ್ಕಿನಲ್ಲಿ ಕ್ರಿಕೆಟ್ ಆಡಿ ಬೈಸಿಕೊಂಡು ಬೆಳೆದವನು. ಗೊತ್ತೇ ಇರಲಿಲ್ಲ.

ಓದುಗುಳಿ:
ಹೆಸರಿದ್ದವರ ಬಗ್ಗೆ ಮಾತು ಬಂದಿದ್ದಕ್ಕೆ ಒಂದು ಸೇರಿಸ್ತೀನಿ. ಸ್ಪೇನಿನ ಗಡಿಯಲ್ಲಿ ಪೋರ್ಟ್‌ಬೋ ಅನ್ನುವ ಸಣ್ಣ ಊರು. ಚಿಂತಕ ವಾಲ್ಟರ್ ಬೆಂಜಮಿನ್ 1940ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಕಡೆಯಿಂದ ಪಿರನೀಸ್ ಬೆಟ್ಟ ಹತ್ತಿ ಅಲ್ಲಿಗೆ ಬಂದರು. ಹೃದಯದ ತೊಂದರೆ, ಕೈಯಲ್ಲಿ ಭಾರದ ಕೈಚೀಲ. ದಾರಿ ತೋರಿಸಿದವಳು ಲೀಸಾ ಫಿಟ್ಕೊ, ತಾನೂ ನಿರಾಶ್ರಿತೆಯೇ. ಫ್ರಾನ್ಸಿನಿಂದ ಹೊರಡುವ ಪರವಾನಗಿ ಇಲ್ಲ ಅಂತ ಸ್ಪೇನಿನವರು ವಾಪಸ್ ಹೋಗಿ ಅಂದರು. ಆ ರಾತ್ರಿ ಹೋಟೆಲಿನಲ್ಲಿ ಮಾರ್ಫಿನ್ ತಿಂದು ಸತ್ತರು. ಜೊತೆಗೆ ಬಂದವರನ್ನು ಆಮೇಲೆ ಮುಂದಕ್ಕೆ ಬಿಟ್ಟರು. ಊರಿನವರು ಅವರ ಹೆಸರನ್ನು ಹಿಂದುಮುಂದು ಮಾಡಿ ಬೆಂಜಮಿನ್ ವಾಲ್ಟರ್ ಅಂತ ಬರೆದು ಕ್ಯಾಥೊಲಿಕ್ ಸ್ಮಶಾನದಲ್ಲಿ ಹೂತರು.

ಅಲ್ಲಿ 1994ರಲ್ಲಿ ದಾನಿ ಕರವಾನ್ ಅನ್ನುವ ಇಸ್ರೇಲಿ ಕಲಾವಿದರು ಸ್ಮಾರಕ ಮಾಡಿದರು. ತುಕ್ಕು ಹಿಡಿದ ಕಬ್ಬಿಣದ ಇಕ್ಕಟ್ಟು ಓಣಿ, ಒಳಗೆ ಕೆಳಗಿಳಿಯುವ ಮೆಟ್ಟಿಲು, ತುದಿಯಲ್ಲಿ ಸಮುದ್ರ. ಇಳಿಯುತ್ತಾ ಹೋದರೆ ನಡುವೆ ಗಾಜು ಅಡ್ಡ ಬರುತ್ತೆ, ಮುಂದೆ ಹೋಗೋಕಾಗಲ್ಲ. ಗಾಜಿನ ಮೇಲೆ ಬೆಂಜಮಿನ್ನರದ್ದೇ ಮಾತು ಕೆತ್ತಿದ್ದಾರೆ: ಹೆಸರುವಾಸಿಗಳಿಗಿಂತ ಹೆಸರಿಲ್ಲದವರ ನೆನಪನ್ನು ಗೌರವಿಸೋದು ಕಷ್ಟ ಅನ್ನುವ ಅರ್ಥದ್ದು. ಆದರೂ ನೋಡಿ, ಜನ ಅಲ್ಲಿಗೆ ಹೋಗೋದು ಬೆಂಜಮಿನ್‌ಗಾಗಿ. ಈ ಕಷ್ಟಕ್ಕೆ ಕಲಾವಿದರೂ ಪೂರ್ತಿ ದಾರಿ ಕಂಡುಕೊಂಡಿಲ್ಲ.

ಸೈಕಲ್‌ಸವಾರ:
ಓದುಗುಳಿ, ಇದಕ್ಕೆ ನಮ್ಮ ಕಡೆ ಒಂದು ಪ್ರಯತ್ನ ಆಗಿದೆ, ನನಗೆ ಬಹಳ ಇಷ್ಟವಾದದ್ದು. ಹೋಹೆನೆಮ್ಸ್ ಯೆಹೂದಿ ಮ್ಯೂಸಿಯಂನವರು 2022ರಲ್ಲಿ ಒಂದು ಸೈಕಲ್ ದಾರಿಯನ್ನೇ ಸ್ಮಾರಕ ಮಾಡಿದರು. ಬೋಡನ್ ಸರೋವರದ ದಡದ ಲೋಖಾವ್‌ನಿಂದ ಬೆಟ್ಟದ ಮೇಲಿನ ಪಾರ್ಟೆನೆನ್ ತನಕ. ದಾರಿಯುದ್ದಕ್ಕೂ ಐವತ್ತರಷ್ಟು ಕಡೆ ಗಡಿಕಲ್ಲಿನ ಥರದ ಕಲ್ಲು ನೆಟ್ಟಿದ್ದಾರೆ. ಫೋನ್ ಹಿಡಿದರೆ ಆ ಜಾಗದಲ್ಲಿ ದಾಟಿದವರ, ಅಥವಾ ದಾಟಲಾಗದವರ ಕಥೆ ಕೇಳುತ್ತೆ. ದೊಡ್ಡ ಮೂರ್ತಿ ಇಲ್ಲ, ಹೂಗುಚ್ಛ ಇಡುವ ಸಮಾರಂಭ ಇಲ್ಲ. ಯಾರೋ ಬ್ರೆಡ್ ತರಲು ಹೋಗುವ ದಾರಿಯಲ್ಲೇ ಇದೆಲ್ಲ.

ಫೆಲ್ಡ್‌ಕಿರ್ಖ್ ಹತ್ತಿರ ಒಂದು ಕಡೆ ಹಿಲ್ಡಾ ಮಾಂಟೆಯ ಕಥೆ. ನಾಜಿಗಳ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಯೆಹೂದಿ ಹೆಂಗಸು, ಒಂದು ಸಲ ತಪ್ಪಿಸಿಕೊಂಡು ಹೋದ ಮೇಲೂ ಸಂದೇಶ ಒಯ್ಯಲು ಗಡಿ ದಾಟಿ ಒಳಗೆ ಬಂದವಳು. ವಾಪಸ್ ಹೋಗುವಾಗ ಗುಂಡು ಬಿತ್ತು. ತಾರೀಖು 1945ರ ಏಪ್ರಿಲ್ 17. ಯುದ್ಧ ಮುಗಿಯಲು ಮೂರು ವಾರ ಬಾಕಿ. ನಾನು ಅಲ್ಲಿಂದ ಮುಂದಕ್ಕೆ ಪೆಡಲ್ ತುಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮೇಲೆ ಗಾರ್ಗೆಲ್ಲೆನ್ ಕಡೆಯದು ಯೂರಾ ಸೊಯ್‌ಫರ್ ಕಥೆ. ಇಪ್ಪತ್ತೈದರ ಕವಿ, ನಾಟಕಕಾರ. ಹಿಟ್ಲರ್ ಸೇನೆ ಒಳಗೆ ಬಂದ ಮಾರನೇ ದಿನ, 1938ರ ಮಾರ್ಚ್ 13, ಗೆಳೆಯನ ಜೊತೆ ಹಿಮದ ಮೇಲೆ ಸ್ಕೀ ಹಾಕಿಕೊಂಡು ಸ್ವಿಟ್ಜರ್ಲೆಂಡಿಗೆ ಹೊರಟಿದ್ದ. ತಡೆದು ಚೀಲ ನೋಡಿದರು. ಸಾರ್ಡಿನ್ ಮೀನಿನ ಡಬ್ಬಿಗೆ ಸುತ್ತಿದ್ದ ಕಾರ್ಮಿಕ ಸಂಘದ ಹಳೇ ಪತ್ರಿಕೆಯೇ ಹಿಡಿಸಿಹಾಕಿತು ಅಂತ ಹೇಳ್ತಾರೆ. ಡಾಹೌ, ಆಮೇಲೆ ಬೂಖೆನ್‌ವಾಲ್ಡ್ ಶಿಬಿರ. ಮುಂದಿನ ಫೆಬ್ರವರಿಯಲ್ಲಿ ಅಲ್ಲೇ ಟೈಫಸ್ಸಿಗೆ ಸತ್ತ.

ನಿವೃತ್ತಗುಮಾಸ್ತ:
ತುಂಗಾತೀರ ಅವರು ಕೇಳಿದ ಪ್ರಶ್ನೆ ಬಿಟ್ಟಿಲ್ಲ, ಯೋಚಿಸುತ್ತಿದ್ದೆ. ಸ್ಪ್ರಿಂಗ್ ಅವರ ತೀರ್ಪು 2000ದಲ್ಲಿ. ಅದಾದ ಮೂರೇ ವರ್ಷಕ್ಕೆ ಸ್ವಿಸ್ ಸಂಸತ್ತು ಇನ್ನೊಂದು ಕಾನೂನು ಮಾಡಿತು, ಜಾರಿಗೆ ಬಂದದ್ದು 2004ರ ಜನವರಿ 1ಕ್ಕೆ. ನಾಜಿ ಕಾಲದಲ್ಲಿ ನಿರಾಶ್ರಿತರಿಗೆ ನೆರವಾಗಿ ಶಿಕ್ಷೆಗೊಳಗಾದ ಎಲ್ಲರ ತೀರ್ಪುಗಳೂ ರದ್ದು. ಗ್ರ್ಯೂನಿಂಗರ್ ಅಂಥ ದೊಡ್ಡ ಹುದ್ದೆಯವರಷ್ಟೇ ಅಲ್ಲ, ದಾರಿ ತೋರಿಸಿದ ರೈತ, ಮನೆಯಲ್ಲಿ ಮಲಗಿಸಿಕೊಂಡ ಹೆಂಗಸು, ಹೀಗೆ ಯಾರಾದರೂ. ಸಂಸತ್ತಿನ ಒಂದು ಸಮಿತಿ ಹೆಸರು ಹೆಸರಾಗಿ ನೋಡಿ ನೂರಕ್ಕೂ ಹೆಚ್ಚು ಜನರ ಕಳಂಕ ತೆಗೆಯಿತು. ಬಹುಪಾಲು ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಪರಿಹಾರ ಕೇಳುವ ಹಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿಟ್ಟರು, ಅದು ಸರ್ಕಾರಿ ಬುದ್ಧಿ.

ಹಾಗಾಗಿ ನೆರವಾದವರ ಕಾಗದ ಸರಿಹೋಯಿತು. ತಳ್ಳಿಸಿಕೊಂಡವರ ಕಾಗದ ಹಾಗೇ ಇದೆ. ನಿಮ್ಮ ತಕರಾರು ನಿಂತಿತು.

ತುಂಗಾತೀರ:
ಇಷ್ಟು ಒಪ್ಪಿದ್ದೇ ಸಾಕು ಸರ್. ಬರ್ನ್‌ನಲ್ಲಿ ನಾಜಿಗಳಿಗೆ ಬಲಿಯಾದವರ ರಾಷ್ಟ್ರೀಯ ಸ್ಮಾರಕಕ್ಕೆ 2023ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಗಡಿಯಿಂದ ತಳ್ಳಿಸಿಕೊಂಡವರನ್ನೂ ಎಣಿಸಬೇಕು, ಹೆಸರು ಸಿಕ್ಕಷ್ಟು ಹೆಸರು, ಸಿಗದಿದ್ದರೆ ಜಾಗ ಮತ್ತು ತಾರೀಖು. ಇಂಥ ದಿನ ಇಂಥ ಠಾಣೆಯಿಂದ ಇಷ್ಟು ಜನರನ್ನು ವಾಪಸ್ ಕಳಿಸಿದರು ಅಂತ ಬರೆದರೂ ಸಾಕು. ಕಳಿಸಿದವರು ಲೆಕ್ಕ ಇಟ್ಟಿದ್ದಾರಲ್ಲ, ಅದೇ ಲೆಕ್ಕದ ಪುಸ್ತಕವನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಲಿ.

ಬಸವನಗುಡಿಯವಳು:
ಸೈಕಲ್‌ಸವಾರರೇ, ಮಗಳು ಮ್ಯೂನಿಕ್‌ನಲ್ಲಿ ಓದುತ್ತಿದ್ದಾಳೆ. ಮುಂದಿನ ಜೂನ್‌ನಲ್ಲಿ ಬರ್ತೀನಿ. ಆ ದಾರಿಯನ್ನು ನನ್ನ ವಯಸ್ಸಿನವರು ಸೈಕಲ್‌ನಲ್ಲಿ ಮಾಡಬಹುದಾ?

ಸೈಕಲ್‌ಸವಾರ:
ಧಾರಾಳವಾಗಿ ಅಕ್ಕ. ಪೂರ್ತಿ ಬೇಡ, ಪಾರ್ಟೆನೆನ್ ಕಡೆ ಏರು ಜಾಸ್ತಿ. ಹೋಹೆನೆಮ್ಸ್ ಸ್ಟೇಷನ್ನಿನಲ್ಲಿ ಇಳಿಯಿರಿ, ಮೊದಲು ಮ್ಯೂಸಿಯಂ ನೋಡಿ, ಅಲ್ಲಿಂದ ಹಳೇ ರೈನ್ ಕಡೆ ನೆಲ ಸಮತಟ್ಟು. ಕಲ್ಲುಗಳ ಕಥೆ ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಿಗುತ್ತೆ, ಹೆಡ್‌ಫೋನ್ ತನ್ನಿ, ರಸ್ತೆ ಸದ್ದು ಇರುತ್ತೆ. ಮತ್ತೆ ಒಂದು ಮಾತು, ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಬರಬೇಡಿ. ಷೆಂಗೆನ್ ವೀಸಾ ಇದ್ದರೂ ಆ ಸೇತುವೆ ಹತ್ತಿರ ಒಮ್ಮೊಮ್ಮೆ ನಿಲ್ಲಿಸಿ ಕೇಳ್ತಾರೆ, ಅದರಲ್ಲೂ ನಮ್ಮಂಥವರನ್ನು ಸ್ವಲ್ಪ ಜಾಸ್ತಿ.